ಫ್ರಾನ್ಸಿನ ಪಾಠ ಮಾಡಿದ ವರ್ಷ

ಹುಮನಾಬಾದಿನ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ನಾನು ಭೂಗೋಳ ಕಲಿಸುತ್ತಿದ್ದೆ. ಮನೆ ಬಸವಕಲ್ಯಾಣದಲ್ಲಿ. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು, ಇಬ್ಬರು ಹೆಣ್ಣುಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು, ಕೆಂಪು ಬಸ್ಸು ಹಿಡಿದರೆ ಪ್ರಾರ್ಥನೆಯ ಗಂಟೆ ಬಾರಿಸುವುದರೊಳಗೆ ಶಾಲೆ ಮುಟ್ಟುತ್ತಿದ್ದೆ. ನಮ್ಮ ಕಡೆ ಟೀಚರಿಗೆ ಬಾಯಾರು ಅನ್ನುತ್ತಾರೆ. ನಾನು ಭೂಗೋಳದ ಬಾಯಾರು. ಭೂಗೋಳ ಕಲಿಸಿ ಯಾರಿಗಾದರೂ ಆಪತ್ತು ಬರಬಹುದು ಎಂದು ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಹೆರಿಗೆಯ ಅಂಜಿಕೆ ಮಾತ್ರ ನನಗೆ ಸಣ್ಣಂದಿನಿಂದಲೇ ಇತ್ತು. ಐವತ್ತಾರರಲ್ಲಿ ನಮ್ಮ ಸೀಮೆ ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದಾಗ ಓಣಿಯಲ್ಲಿ ಪೇಢೆ ಹಂಚಿದರಂತೆ. ಆ ಪೇಢೆ ನನಗೆ ನೆನಪಿಲ್ಲ. ನೆನಪಿರುವುದು ಅದೇ ವರ್ಷ ಮುಚ್ಚಿದ್ದ ಒಳಕೋಣೆಯ ಕದ, ಅದರ ಸಂದಿಯಿಂದ ಬರುತ್ತಿದ್ದ ಅಜವಾನದ ಹೊಗೆ, ಮತ್ತು ಒಳಗಿನಿಂದ ಅವ್ವನ ಕೂಗು. ನಾನು ಕಟ್ಟೆಯ ಮೇಲೆ ಕಿವಿ ಮುಚ್ಚಿಕೊಂಡು ಕೂತಿದ್ದೆ. ಅವ್ವ ಬದುಕಿದಳು, ಕೂಸು ಉಳಿಯಲಿಲ್ಲ. ಅದರ ಹಿಂದೆ ಮುಂದೆ ಇನ್ನೂ ಕೆಲವು ಹಾಗೆಯೇ ಹೋದವು. ಯಾರಾದರೂ ಮಕ್ಕಳೆಷ್ಟು ಎಂದು ಕೇಳಿದರೆ ಅಪ್ಪ ಇದ್ದವರನ್ನಷ್ಟೇ ಹೇಳುತ್ತಿದ್ದರು. ಅವ್ವ ಹೋದವರನ್ನೂ ಕೂಡಿಸಿ ಹೇಳುತ್ತಿದ್ದಳು. ಒಂದೇ ಮನೆಯ ಮಕ್ಕಳಿಗೆ ಎರಡು ಉತ್ತರ ಹೇಗೆ ಎಂದು ನನಗೆ ತಿಳಿಯುತ್ತಿರಲಿಲ್ಲ.

ನನ್ನ ಎರಡೂ ಹೆರಿಗೆಗಳಲ್ಲಿ ನಾನು ಸತ್ತೇ ಹೋಗುತ್ತೇನೆಂದು ನಂಬಿದ್ದೆ. ಎರಡನೆಯದರಲ್ಲಿ ರಕ್ತ ಹೋಗಿ ನಿಜಕ್ಕೂ ಹಾಗೇ ಆಗುವುದರಲ್ಲಿತ್ತು. ಕಾಳಿನ ದಲಾಲಿ ಮಾಡುವ ಅಡತ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ನನ್ನ ಯಜಮಾನರು ಆ ದಿನ ಆಸ್ಪತ್ರೆಯ ಹೊರಗೆ ನಿಂತು ಅತ್ತರೆಂದು ಅತ್ತೆ ಆಗಾಗ ನಗುತ್ತಾ ಹೇಳುತ್ತಿದ್ದರು. ಅತ್ತೆಗೆ ನನ್ನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಆದರೆ ಅವರಿಗೆ ಮೊಮ್ಮಗ ಬೇಕಿತ್ತು.

ಎಪ್ಪತ್ತಾರರ ಚಳಿಗಾಲಕ್ಕೆ ನಾನು ಮೂರನೆಯ ಬಾರಿ ಬಸುರಿ. ಎಂಥ ಹೊತ್ತಿನಲ್ಲಿ! ತುರ್ತು ಪರಿಸ್ಥಿತಿಯ ಕಾಲ. ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಚಿತ್ರ ಬಸ್ ನಿಲ್ದಾಣದ ಗೋಡೆಗೆ, ಹಿಟ್ಟಿನ ಗಿರಣಿಯ ಗೋಡೆಗೆ, ನಮ್ಮ ಶಾಲೆಯ ಕಂಪೌಂಡಿಗೆ ಸಹ ಬಂದಿತ್ತು. ನೌಕರಿಯವರು ಎರಡು ಮಕ್ಕಳಾದ ಮೇಲೆ ಆಪರೇಷನ್ ಮಾಡಿಸಿಕೊಳ್ಳಲೇಬೇಕು, ಮೂರನೆಯದಾದರೆ ನೌಕರಿಗೆ ಕುತ್ತು ಎಂಬ ಮಾತು ಸ್ಟಾಫ್ ರೂಮಿನಲ್ಲಿ ಸುತ್ತುತ್ತಿತ್ತು. ಅದು ಆದೇಶವೋ ಗಾಳಿಮಾತೋ ವಿಚಾರಿಸುವ ಧೈರ್ಯ ಯಾರಿಗೂ ಇರಲಿಲ್ಲ. ಟೀಚರುಗಳು ಊರಿನ ಜನರನ್ನು ಒಪ್ಪಿಸಿ ಆಪರೇಷನ್‌ಗೆ ಕರೆತರಬೇಕಾಗಿತ್ತು. ಹಾಗೆ ಕರೆತಂದ ಮನುಷ್ಯನಿಗೆ ‘ಕೇಸು’ ಎಂದು ಹೆಸರು. ನಾನು ಇನ್ನೂ ಒಂದು ಕೇಸನ್ನೂ ತಂದಿರಲಿಲ್ಲ. ಸೀರೆಯ ನೆರಿಗೆಯನ್ನು ಸಡಿಲವಾಗಿ ಹಿಡಿದು, ಸೆರಗನ್ನು ಮುಂದಕ್ಕೆ ಎಳೆದುಕೊಂಡು ಕ್ಲಾಸಿಗೆ ಹೋಗುತ್ತಿದ್ದೆ. ಅತ್ತೆ ಮತ್ತು ಯಜಮಾನರನ್ನು ಬಿಟ್ಟರೆ ಬಸಿರಿನ ಸುದ್ದಿ ಯಾರಿಗೂ ಗೊತ್ತಿರಲಿಲ್ಲ.

ಆ ವಾರ ಒಂಬತ್ತನೆಯ ತರಗತಿಗೆ ಫ್ರಾನ್ಸ್ ಬಂದಿತ್ತು. ನಮ್ಮ ಭೂಗೋಳದ ಪುಸ್ತಕದಲ್ಲಿ ಒಂದೊಂದು ದೇಶಕ್ಕೂ ನೆಲ, ಹವೆ, ಬೆಳೆ, ಕೈಗಾರಿಕೆ, ಕೊನೆಯಲ್ಲಿ ಜನಸಂಖ್ಯೆ. ಆ ಕೊನೆಯ ಭಾಗವನ್ನು ಎಲ್ಲ ಟೀಚರುಗಳೂ ‘ಮನೆಯಲ್ಲಿ ಓದಿಕೊಳ್ಳಿರಿ’ ಎಂದು ಬಿಟ್ಟುಬಿಡುತ್ತಿದ್ದರು. ನಾನೂ ಬಿಡುವವಳೇ. ಆ ದಿನ ಬಿಡಲಿಲ್ಲ.

ಪುಸ್ತಕದಲ್ಲಿ ಇದ್ದದ್ದು ಎರಡೇ ಸಾಲು: ಸುತ್ತಲಿನ ದೇಶಗಳ ಜನ ಹೆಚ್ಚುತ್ತಿದ್ದಾಗ ಫ್ರಾನ್ಸಿನ ಜನಸಂಖ್ಯೆ ಬಹುಕಾಲ ಹೆಚ್ಚಲಿಲ್ಲ, ಆದ್ದರಿಂದ ಅಲ್ಲಿಯ ಸರಕಾರ ದೊಡ್ಡ ಕುಟುಂಬಗಳಿಗೆ ಸಹಾಯ ನೀಡುತ್ತದೆ. ಓದಿ ಮುಂದೆ ಹೋಗುವಷ್ಟರಲ್ಲಿ ಎರಡನೆಯ ಬೆಂಚಿನ ಹುಡುಗಿ ಎದ್ದು ನಿಂತಳು. ಗಂಜ್‌ನಲ್ಲಿ, ಅಂದರೆ ನಮ್ಮ ಕಾಳಿನ ಮಾರುಕಟ್ಟೆಯಲ್ಲಿ, ಚೀಲ ಹೊರುವ ಹಮಾಲಿಯ ಮಗಳು. ಮನೆಗೆ ಹಿರಿಯಳು. ಅವಳ ಹಿಂದೆ ತಂಗಿಯರೇ ತಂಗಿಯರು.

“ಬಾಯಾರ, ಅಲ್ಲಿ ಮಂದಿ ಯಾಕ ಹೆಚ್ಚ ಆಗ್ಲಿಲ್ರಿ? ಏನರ ರೋಗ ಬಂದಿತ್ತೇನ್ರಿ?”

ಬಿ.ಎ. ಓದುವಾಗ ಈ ವಿಷಯ ನನಗೆ ಇಷ್ಟವಾಗಿತ್ತು. ಹೇಳುತ್ತಾ ಹೋದೆ. ರೋಗವಲ್ಲ, ಹೊಲವನ್ನು ಎಲ್ಲ ಮಕ್ಕಳಿಗೂ ಸಮ ಹಂಚಬೇಕು ಎಂಬ ಕಾನೂನು ಬಂದ ಮೇಲೆ, ಹೊಲ ತುಂಡಾಗುತ್ತದೆಂದು ಅಲ್ಲಿಯ ರೈತರು ಮಕ್ಕಳನ್ನೇ ಕಡಿಮೆ ಮಾಡಿಕೊಂಡರು ಎಂದು ಕೆಲವರು ಹೇಳುತ್ತಾರೆ. ಆಮೇಲೆ ದೊಡ್ಡ ಯುದ್ಧ ಬಂತು. ಹಳ್ಳಿಹಳ್ಳಿಯ ಗಂಡಸರು ಹೋದರು, ತಿರುಗಿ ಬರಲಿಲ್ಲ. ಮದುವೆಯಾಗಬೇಕಾಗಿದ್ದ ಎಷ್ಟೋ ಹುಡುಗಿಯರು ಹಾಗೇ ಉಳಿದರು, ಹುಟ್ಟಬೇಕಾಗಿದ್ದ ಮಕ್ಕಳು ಹುಟ್ಟಲಿಲ್ಲ. ಇದನ್ನು ಹೇಳುವಾಗ ಹುಡುಗಿಯರು ಬರೆಯುವುದು ನಿಲ್ಲಿಸಿದರು. ಗಂಡಸರು ತಿರುಗಿ ಬಾರದ ಮನೆಗಳು ನಮ್ಮ ಸೀಮೆಯಲ್ಲೂ ಇದ್ದವು. ರಜಾಕಾರರ ಕಾಲದ, ಅದರ ಮರುವರ್ಷಗಳ ಮಾತನ್ನು ದೊಡ್ಡವರು ಮಕ್ಕಳ ಮುಂದೆ ಎತ್ತುತ್ತಿರಲಿಲ್ಲ, ಆದರೆ ಮಕ್ಕಳಿಗೆ ಗೊತ್ತಿರುತ್ತಿತ್ತು.

“ಅಲ್ಲಿ ಮುದುಕರು ಹೆಚ್ಚಾದರು. ಗಣಿಗೆ, ಹೊಲಕ್ಕೆ ದುಡಿಯುವ ಆಳಿಲ್ಲದೆ ಇಟಲಿಯಿಂದ, ಪೋಲೆಂಡಿನಿಂದ ಜನರನ್ನು ಕರೆಸಿಕೊಂಡರು. ನಮ್ಮ ದೇಶದಲ್ಲಿ ಜನವೇ ಉಳಿಯುವುದಿಲ್ಲವೋ ಏನೋ ಎಂದು ಆ ಸರಕಾರಕ್ಕೆ ಅಂಜಿಕೆ. ಅದಕ್ಕೇ ಮಕ್ಕಳಿರುವ ಮನೆಗೆ ಸರಕಾರವೇ ಹಣ ಕೊಡುತ್ತದೆ. ಮೂರನೆಯ ಮಗು ಹುಟ್ಟಿದರೆ ಇನ್ನೂ ಹೆಚ್ಚು. ಬಹಳ ಮಕ್ಕಳ ತಾಯಿಗೆ ಒಂದು ಪದಕವನ್ನೂ ಕೊಡುತ್ತಾರೆ.”

ಮೂರನೆಯ ಮಗು ಎನ್ನುವಾಗ ನನ್ನ ಕೈ ತಾನಾಗಿಯೇ ಸೆರಗಿನ ಒಳಗೆ ಹೋಗಿತ್ತು. ಎಲ್ಲೋ ಒಂದು ದೇಶದಲ್ಲಿ ನನ್ನಂಥವಳು ತಲೆಯೆತ್ತಿ ನಡೆಯುತ್ತಾಳೆ ಎನ್ನುವುದು ಹೇಳುತ್ತಾ ಹೇಳುತ್ತಾ ನನಗೇ ಹಿತವಾಗಿತ್ತು.

“ಪದಕ ಅಂದ್ರ ಕೊಳ್ಳಾಗ ಹಾಕ್ತಾರಲ್ರಿ, ಅದೇ ಏನ್ರಿ?” ಹುಡುಗಿ ಕೇಳಿದಳು.

“ಹೌದು, ಅದೇ.”

“ಹಂಗಾದ್ರ ನಮ್ಮವ್ವಗ ಎರಡ ಹಾಕ್ತಿದ್ರು ನೋಡ್ರಿ.”

ಇಡೀ ತರಗತಿ ನಕ್ಕಿತು. ನಾನೂ ನಕ್ಕೆ.

ಆ ವಾರದ ಕೊನೆಗೆ ಗಂಜ್‌ನಲ್ಲಿ ಹಮಾಲಿಗಳನ್ನೂ ಗಾಡಿಯವರನ್ನೂ ಕೂಡಿಸಿ ಒಂದು ಸಭೆ ಮಾಡಿದರು. ಜೀಪಿನ ಮೇಲೆ ಮೈಕು ಕಟ್ಟಿಕೊಂಡು ಬಂದಿದ್ದ ಅಧಿಕಾರಿ ಕುಟುಂಬ ಯೋಜನೆಯ ಭಾಷಣ ಮಾಡುತ್ತಿದ್ದಾಗ ಎರಡನೆಯ ಬೆಂಚಿನ ಹುಡುಗಿಯ ಅಪ್ಪ ತಲೆಯ ಮೇಲಿನ ಚೀಲದ ಕೊಪ್ಪೆ ತೆಗೆದು ಎದ್ದು ನಿಂತನಂತೆ. ಅವನು ಏನು ಹೇಳಿದ ಎನ್ನುವುದನ್ನು ಆಮೇಲೆ ಅವನ ಬಾಯಿಂದಲೇ ಕೇಳಿದ್ದೇನೆ.

“ಸಾಹೇಬ್ರ, ಫ್ರಾನ್ಸ ಅಂತ ಒಂದ ದೇಶ ಐತಂತ. ಅಲ್ಲಿ ಮಕ್ಕಳ ಹಡದ್ರ ಸರಕಾರ ರೊಕ್ಕ ಕೊಡ್ತೈತಂತ, ಹಡದಾಕಿ ಕೊಳ್ಳಾಗ ಪದಕ ಹಾಕ್ತೈತಂತ. ಅದೂ ಸರಕಾರ, ಇದೂ ಸರಕಾರ. ನಮಗ್ಯಾಕ್ರಿ ಕತ್ತರಿ?”

ಜನ ಚಪ್ಪಾಳೆ ತಟ್ಟಿದರು. ಅಧಿಕಾರಿ ಮೈಕು ಬದಿಗೆ ಸರಿಸಿ, ಮೆತ್ತಗಿನ ದನಿಯಲ್ಲಿ, ಇದನ್ನು ನಿನಗೆ ಯಾರು ಹೇಳಿದರು ಎಂದು ಕೇಳಿದರು. ಅವನಿಗೆ ಮುಚ್ಚಿಡುವುದು ಏನಿತ್ತು? ಮಗಳು ಕಲಿಯುತ್ತಿದ್ದಾಳೆಂಬ ಹೆಮ್ಮೆ. “ನನ್ನ ಮಗಳ ಸಾಲಿ ಬಾಯಾರು ಹೇಳ್ಯಾರ್ರಿ” ಎಂದುಬಿಟ್ಟ.

ಮರುದಿನ ನಾನು ಶಾಲೆಯ ಗೇಟು ದಾಟುತ್ತಿದ್ದಂತೆ ಆಯಾ ಬಂದು, ದೊಡ್ಡ ಬಾಯಾರು ಕರೆಯುತ್ತಿದ್ದಾರೆ ಎಂದಳು. ದೊಡ್ಡ ಬಾಯಾರು ನಮ್ಮ ಹೆಡ್‌ಮಿಸ್ಟ್ರೆಸ್. ಗಂಡ ತೀರಿಕೊಂಡ ಮೇಲೆ ಒಬ್ಬರೇ ದುಡಿದು ಇಬ್ಬರು ತಮ್ಮಂದಿರನ್ನು ಓದಿಸಿದವರು. ಅವರು ಗದರಿಸಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಆ ದಿನ ಅವರು ಬಾಗಿಲನ್ನು ತಾವೇ ಮುಂದಕ್ಕೆ ಮಾಡಿ ಬಂದು ಕೂತರು. ಮೇಜಿನ ಮೇಲೆ ಒಂಬತ್ತನೆಯ ತರಗತಿಯ ಭೂಗೋಳದ ಪುಸ್ತಕ ತೆರೆದಿತ್ತು.

“ಏನ್ ಪಾಠ ಮಾಡಿದಿಯವ್ವಾ ನೀನು?”

“ಪುಸ್ತಕದಾಗ ಇದ್ದದ್ದ ಮಾಡೇನ್ರಿ.”

“ಪುಸ್ತಕದಾಗ ಪದಕ ಐತೇನು? ನಾ ತೆಗೆದ ನೋಡೇನಿ. ಪದಕ ಇಲ್ಲ ಅದ್ರಾಗ.” ಅವರು ದನಿ ತಗ್ಗಿಸಿದರು. “ಸರಕಾರದ ಕಾರ್ಯಕ್ರಮಕ್ಕ ವಿರುದ್ಧ ಪ್ರಚಾರ ಅನ್ನಾಕತ್ತಾರ. ಇಂಥಾದ್ದಕ್ಕ ಮಂದೀನ ಒಯ್ದ ಒಳಗ ಹಾಕ್ಯಾರಂತ, ಕೇಳೀಯಿಲ್ಲೋ? ಸಾಹೇಬ್ರು ಮುಂದಿನ ವಾರ ಸಾಲಿಗಿ ಬರ್ತಾರ. ನಿನ್ನ ಕ್ಲಾಸಿನಾಗ ಕೂಡ್ತಾರ.”

ಅವರು ಇನ್ನೊಂದು ಮಾತು ಹೇಳಿದರು. “ಆ ಹಮಾಲಿಗಿ ಎಷ್ಟ ಮಕ್ಕಳ ಅದಾವ ನೋಡು. ಅವನ್ನ ಒಪ್ಪಿಸಿ ನೀನ ಕರ್ಕೊಂಡ ಬಂದಿ ಅಂದ್ರ ಸಾಹೇಬ್ರ ಸಿಟ್ಟ ಇಳೀತದ. ನಾ ಖುಷೀಲೆ ಹೇಳಾಕತ್ತಿಲ್ಲವ್ವ. ನನಗೂ ನೌಕರಿ ಬೇಕು.”

ಅಂದಿನ ಬಸ್ಸು ಪ್ರಯಾಣ ನನಗೆ ಈಗಲೂ ಕಣ್ಣ ಮುಂದಿದೆ. ರಾಜೇಶ್ವರದ ಹತ್ತಿರ ನಮ್ಮ ಬಸ್ಸಿನ ಹಿಂದೆ ಒಂದು ಜೀಪು ಹಾರ್ನು ಹೊಡೆಯತೊಡಗಿತು. ಬಸ್ಸು ನಿಧಾನವಾಗುತ್ತಿದ್ದಂತೆ ಮುಂದಿನ ಬಾಗಿಲಿನಿಂದ ಮೂರು ನಾಲ್ಕು ಜನ ಹಾರಿ, ಚಪ್ಪಲಿ ಅಲ್ಲೇ ಬಿಟ್ಟು, ತೊಗರಿ ಹೊಲದೊಳಗೆ ಓಡಿದರು. ಜೀಪು ನಮ್ಮನ್ನು ಹಾಯ್ದು ತನ್ನ ಪಾಡಿಗೆ ಮುಂದೆ ಹೋಯಿತು. ಅದು ಆಪರೇಷನ್‌ಗೆ ಹಿಡಿದೊಯ್ಯುವವರದಲ್ಲ, ಯಾವುದೋ ಬೇರೆ ಇಲಾಖೆಯದು. ಬಸ್ಸಿನಲ್ಲಿ ಯಾರೂ ನಗಲಿಲ್ಲ. ಕಂಡಕ್ಟರ್ ಕೆಳಗಿಳಿದು ಹೊಲದ ಕಡೆಗೆ ಕೂಗಿ ಕೂಗಿ ಕರೆದ. ತೊಗರಿ ಗಿಡ ಒಂದು ಅಲುಗಿತು ಅಷ್ಟೇ, ಒಬ್ಬನೂ ಎದ್ದು ಬರಲಿಲ್ಲ. ಅವರ ಗಂಟುಮೂಟೆ ಬಸ್ಸಿನಲ್ಲೇ ಉಳಿದವು.

ಎರಡು ದಿನ ಬಿಟ್ಟು, ಶಾಲೆ ಬಿಟ್ಟ ಮೇಲೆ ನಾನು ಹಮಾಲಿಯ ಮನೆಗೆ ಹೊರಟೆ. ಅವನನ್ನು ಎಚ್ಚರಿಸಲು ಹೋಗುತ್ತಿದ್ದೇನೋ ಒಪ್ಪಿಸಲು ಹೋಗುತ್ತಿದ್ದೇನೋ ನನಗೇ ತೀರ್ಮಾನವಾಗಿರಲಿಲ್ಲ. ಹುಡುಗಿ ಆ ಸಭೆಯ ಮಾರನೆಯ ದಿನದಿಂದ ಶಾಲೆಗೆ ಬಂದಿರಲಿಲ್ಲ. ಅವರ ಓಣಿಗೆ ನಾನು ಹಿಂದೆಯೂ ಹೋಗಿದ್ದೆ. ಬಾಯಾರು ಬಂದರೆ ಚಾಪೆ ಹಾಸಿ, ಬೆಲ್ಲದ ಚಹಾ ಕಾಸಿ ಕೊಡುತ್ತಿದ್ದರು. ಈ ಸಲ ನಾನು ಓಣಿಯ ತಿರುವು ದಾಟುತ್ತಿದ್ದಂತೆ ಕಟ್ಟೆಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದ ಹೆಂಗಸರು ಮೊರ ಎತ್ತಿಕೊಂಡು ಒಳಗೆ ಹೋದರು. ಒಂದರ ಹಿಂದೆ ಒಂದು ಕದ ಮುಚ್ಚಿಕೊಂಡವು. ಚಿಲಕ ಬೀಳುವ ಸದ್ದು ಕೇಳಿಸಿತು. ಅಲ್ಲಿಯವರೆಗೆ ಅಂಜುವವಳು ನಾನು ಎಂದುಕೊಂಡಿದ್ದೆ. ನನ್ನನ್ನು ನೋಡಿ ಅಂಜುವವರೂ ಇದ್ದಾರೆಂದು ತಿಳಿದಾಗ ಆದ ಕಸಿವಿಸಿಯನ್ನು ಹೇಗೆ ಹೇಳಲಿ?

ಕದ ತಟ್ಟಿದೆ. ಒಳಗಿನಿಂದ ಹುಡುಗಿಯ ಅವ್ವನ ದನಿ ಬಂತು.

“ಬಾಯಾರ, ನಿಮ್ಮ ಕಾಲಿಗಿ ಬೀಳ್ತೀನ್ರಿ. ನಮ್ಮ ಹೆಸರ ಬರ್ಕೋಬ್ಯಾಡ್ರಿ. ಆತ ಊರಾಗ ಇಲ್ಲ.”

“ನಾ ಹೆಸರ ಬರ್ಕೊಳ್ಳಾಕ ಬಂದಿಲ್ಲವ್ವ. ಒಬ್ಬಾಕೀನ ಅದೀನಿ. ಕದ ತೆಗಿ.”

“ಎಲ್ಲಾರೂ ಹಂಗ ಅಂತಾರ್ರಿ.”

ಬಿಸಿಲಿನಲ್ಲಿ ನಡೆದು ಬಂದಿದ್ದೆ. ಬೆಳಿಗ್ಗೆಯಿಂದ ಹೊಟ್ಟೆಯಲ್ಲಿ ಏನೂ ನಿಂತಿರಲಿಲ್ಲ. ಕಣ್ಣು ಕತ್ತಲಿಟ್ಟಂತಾಗಿ ಅವರ ಹೊಸ್ತಿಲ ಮೇಲೆಯೇ ಕುಸಿದು ಕೂತು ವಾಂತಿ ಮಾಡಿಕೊಂಡೆ. ಕದ ಸ್ವಲ್ಪ ತೆರೆಯಿತು. ಆಕೆ ಕಣ್ಣಿಟ್ಟು ನೋಡಿದಳು. ಮುಖ ನೋಡಲಿಲ್ಲ, ನಾನು ಸೆರಗು ಎಳೆದುಕೊಳ್ಳುವ ರೀತಿ ನೋಡಿದಳು. ಅಷ್ಟೂ ದಿನ ಸ್ಟಾಫ್ ರೂಮಿನಲ್ಲಿ ಯಾರ ಕಣ್ಣಿಗೂ ಬೀಳದ್ದು ಆಕೆಗೆ ಆ ಒಂದು ನೋಟಕ್ಕೇ ತಿಳಿಯಿತು.

“ಯವ್ವಾ, ನೀವೂ ಹೊಟ್ಟೀಲೆ ಅದೀರಿ?”

ನಾನು ಹೌದೆಂದು ತಲೆಯಾಡಿಸಿದೆ. ಆಕೆ ನನ್ನ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಮತ್ತೆ ಚಿಲಕ ಹಾಕಿದಳು. ಕಿಟಕಿಯಿಲ್ಲದ ಮನೆ. ಮಾಳಿಗೆಯ ಗವಾಕ್ಷಿಯಿಂದ ಬೀಳುವ ಬೆಳಕೊಂದೇ. ಆ ಬೆಳಕಿನಲ್ಲಿ ನೋಡಿದರೆ ಆಕೆಗೂ ದಿನ ತುಂಬುತ್ತಾ ಬಂದಿತ್ತು. ಗೋಡೆಗೆ ಒರಗಿ ಚಿಕ್ಕಚಿಕ್ಕ ಹುಡುಗಿಯರು ಸಾಲಾಗಿ ಕೂತಿದ್ದರು. ಉಸಿರು ಸಹ ಬಿಡದಂತೆ ಕೂತಿದ್ದರು. ನನ್ನ ಎರಡನೆಯ ಬೆಂಚಿನ ಹುಡುಗಿ ಕೊನೆಯ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಬಾಯಿಯ ಮೇಲೆ ಕೈಯಿಟ್ಟಿದ್ದಳು.

“ಅಪ್ಪ ಬೇಮಳಖೇಡಕ್ಕ ಹೋಗ್ಯಾನ್ರಿ, ನಮ್ಮ ಸೋದರಮಾವನ ಹೊಲದಾಗ ಅದಾನ” ಎಂದಳು ಹುಡುಗಿ. ಆಮೇಲೆ ಅಳುವ ದನಿಯಲ್ಲಿ, “ನಾ ಮನ್ಯಾಗ ಫ್ರಾನ್ಸಿಂದ ಹೇಳಬಾರದಿತ್ತೇನ್ರಿ ಬಾಯಾರ?” ಎಂದು ಕೇಳಿದಳು.

“ಕಲ್ತದ್ದನ್ನ ಮನ್ಯಾಗ ಹೇಳ್ಬೇಕು ಮಗಾ. ಅದ್ರಾಗ ತಪ್ಪೇನೈತಿ?” ಎಂದೆ.

ಆಕೆ ನನಗೆ ನೀರು ಕೊಟ್ಟಳು. ಇಬ್ಬರೂ ನೆಲದ ಮೇಲೆ ಎದುರುಬದುರು ಕೂತೆವು. “ನೀವು ಸರಕಾರದವರು, ನಿಮಗ್ಯಾತರ ಅಂಜಿಕಿ?” ಎಂದು ಕೇಳಿದಳು. ನಾನು ಇದ್ದದ್ದನ್ನೆಲ್ಲಾ ಹೇಳಿದೆ. ಆಕೆ ಕೇಳುತ್ತಾ ಕೂತು, ಕೊನೆಗೆ, “ನಾನೂ ಬೇಮಳಖೇಡಕ್ಕೇ ಹೋಗ್ತೀನ್ರಿ. ದವಾಖಾನಿಗಿ ಬಿಲ್ಕುಲ್ ಹೋಗಂಗಿಲ್ಲ. ಹಡ್ಯಾಕ ಹೋದಾಕೀನ ಮಲಗಿಸಿ ಕೊಯ್ತಾರಂತ” ಎಂದಳು.

ದವಾಖಾನೆಗೇ ಹೋಗು, ನಿನಗೆ ವಯಸ್ಸಾಗಿದೆ, ಇಷ್ಟು ಹೆರಿಗೆಗಳಾಗಿವೆ ಎಂದು ಹೇಳಬೇಕೆಂದುಕೊಂಡೆ. ಆದರೆ ಅಲ್ಲಿ ಹಾಗೆ ಮಾಡುವುದಿಲ್ಲ ಎಂದು ಆಕೆಗೆ ಮಾತು ಕೊಡುವ ಧೈರ್ಯ ನನಗಿರಲಿಲ್ಲ. ಸುಮ್ಮನೆ ಎದ್ದು ಬಂದೆ. ಆಕೆಯ ಗಂಡನ ಹೆಸರನ್ನು ಮತ್ತೆ ಯಾರ ಮುಂದೆಯೂ ಎತ್ತಲಿಲ್ಲ.

ಮುಂದಿನ ವಾರ, ಗಂಜ್‌ನಲ್ಲಿ ಭಾಷಣ ಮಾಡಿದ್ದ ಆ ಸಾಹೇಬರು ಶಾಲೆಗೆ ಬಂದರು. ಮೈಸೂರು ಕಡೆಯವರು, ಬೆಳ್ಳಗೆ ಇಸ್ತ್ರಿ ಮಾಡಿದ ಅಂಗಿ, ಮಾತು ಬಹಳ ಮೆದು. ಆ ಮೆದು ಮಾತೇ ನನಗೆ ಹೆಚ್ಚು ಅಂಜಿಕೆ ಹುಟ್ಟಿಸಿತು. ಹಿಂದಿನ ಬೆಂಚಿನಲ್ಲಿ ದೊಡ್ಡ ಬಾಯಾರ ಪಕ್ಕ ಕೂತು, “ಫ್ರಾನ್ಸ್ ಪಾಠ ಮಾಡಿ ಮೇಡಂ, ನಾನೂ ಕೇಳಿಸ್ಕೊಳ್ತೀನಿ” ಎಂದರು.

ಗೋಡೆಯ ನಕ್ಷೆಯ ಮೇಲೆ ಕೋಲಿಟ್ಟೆ. ಕೋಲಿನ ತುದಿ ಫ್ರಾನ್ಸ್ ಬಿಟ್ಟು ಸಮುದ್ರಕ್ಕೆ ಜಾರುತ್ತಿತ್ತು. ನದಿ ಹೇಳಿದೆ, ಬೆಟ್ಟ ಹೇಳಿದೆ, ಗೋಧಿ ಹೇಳಿದೆ. ಜನಸಂಖ್ಯೆಯ ಎರಡು ಸಾಲು ಬಂದಾಗ ಪುಸ್ತಕ ತೆಗೆದು ಇದ್ದದ್ದು ಇದ್ದಂತೆ ಓದಿದೆ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆಯಿಲ್ಲ. ಓದಿ ಮುಗಿಸಿದ ಮೇಲೆ ಸಾಹೇಬರು ಎದ್ದು ಬಂದು, ಕಿಟಕಿಯ ಪಕ್ಕದ ಹುಡುಗಿಯನ್ನು ಎಬ್ಬಿಸಿದರು.

“ಫ್ರಾನ್ಸ್‌ನಲ್ಲಿ ಮಕ್ಕಳು ಜಾಸ್ತಿ ಇದ್ರೆ ತಾಯಿಗೆ ಏನು ಕೊಡ್ತಾರಂತೆ ಪುಟ್ಟೀ? ಟೀಚರ್ ಹೇಳಿದ್ರಲ್ಲ, ಹೇಳು.”

ಅವಳು ನನ್ನನ್ನು ನೋಡಲಿಲ್ಲ. ನೆಟ್ಟಗೆ ನಿಂತು, “ದ್ರಾಕ್ಷಿ ಕೊಡ್ತಾರ್ರಿ” ಎಂದಳು.

“ದ್ರಾಕ್ಷಿಯಾ?”

“ಹೌದ್ರಿ. ಅಲ್ಲಿ ದ್ರಾಕ್ಷಿ ಭಾಳ ಬೆಳಿತಾವಲ್ರಿ.”

ಇನ್ನೊಬ್ಬಳನ್ನು ಕೇಳಿದರು. ಅವಳೂ ದ್ರಾಕ್ಷಿ ಎಂದಳು. ಮೂರನೆಯವಳು ನನಗೆ ನೆನಪಿಲ್ಲರಿ ಎಂದಳು. ಆಮೇಲೆ ಕೇಳಿದವರೆಲ್ಲರೂ ನೆನಪಿಲ್ಲರಿ, ನೆನಪಿಲ್ಲರಿ ಎಂದೇ ಕೂತರು. ನಗುವವರು ಒಬ್ಬರೂ ಇರಲಿಲ್ಲ. ಪದಕದ ಮಾತಿಗೆ ಬೆಂಚು ಬಡಿದು ನಕ್ಕಿದ್ದ ಅದೇ ಹುಡುಗಿಯರು. ಯಾರು ಅವರಿಗೆ ಹೇಳಿಕೊಟ್ಟಿದ್ದರೋ ನನಗೆ ಇಂದಿಗೂ ಗೊತ್ತಿಲ್ಲ. ನಾನಂತೂ ಹೇಳಿಕೊಟ್ಟಿರಲಿಲ್ಲ.

ಸಾಹೇಬರು ನನ್ನ ಕಡೆ ತಿರುಗಿದರು. “ನಿಮಗೆ ಎಷ್ಟು ಮಕ್ಕಳು ಮೇಡಂ?”

“ಎರಡ್ರಿ.”

“ಆಪರೇಷನ್ ಆಗಿದೆಯಾ?”

ಕೋಲನ್ನು ಹೊಟ್ಟೆಗೆ ಅಡ್ಡ ಹಿಡಿದುಕೊಂಡು ನಿಂತೆ. ಹೌದು ಎಂದರೆ ಸುಳ್ಳು, ಇಲ್ಲ ಎಂದರೆ ಆ ಜೀಪಿನಲ್ಲೇ ಕೂರಿಸಿಕೊಂಡು ಹೋಗುತ್ತಾರೇನೋ ಎನಿಸಿತು. ಅಷ್ಟರಲ್ಲಿ ದೊಡ್ಡ ಬಾಯಾರು ಹಿಂದಿನಿಂದ, “ಅವರ ಯಜಮಾನ್ರದ ಆಗೇದ್ರಿ ಸರ್” ಎಂದರು. ಎಂದೂ ಸುಳ್ಳು ಹೇಳದ ಹೆಂಗಸು.

“ಗುಡ್. ಹಾಗಾದ್ರೆ ಸರ್ಟಿಫಿಕೇಟ್ ಆಫೀಸಿಗೆ ಕಳಿಸಿಕೊಡಿ” ಎಂದು ಹೇಳಿ ಸಾಹೇಬರು ಹೊರಟುಹೋದರು.

ಅವರು ಹೋದ ಮೇಲೆ ದೊಡ್ಡ ಬಾಯಾರು ಮತ್ತು ನಾನು ಅವರ ಕೋಣೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತೆವು. “ನಿನ್ನ ಹೊಟ್ಟಿ ನನಗ ಮದಲ ಮಾಲೂಮಿತ್ತು” ಎಂದರು ಅವರು. “ಈಗ ಏನ್ ಮಾಡ್ತೀ ನೋಡವಾ. ಸುಳ್ಳ ನಂದು, ಅದನ್ನ ಖರೆ ಮಾಡೋದ ನಿಂದು.”

ಮನೆಗೆ ಹೋಗಿ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಾ ಯಜಮಾನರಿಗೆ ಎಲ್ಲವನ್ನೂ ಪಿಸುಮಾತಿನಲ್ಲಿ ಹೇಳಿದೆ. ಅವರು ನನ್ನ ಕೈಯಿಂದ ಬುಟ್ಟಿ ಇಸಿದುಕೊಂಡು ಉಳಿದ ಬಟ್ಟೆಯನ್ನು ತಾವೇ ಒಣಹಾಕಿದರು. ಆ ಆಪರೇಷನ್ ಬಗ್ಗೆ ಊರಲ್ಲಿ ಎಷ್ಟೋ ಮಾತುಗಳಿದ್ದವು: ಗಂಡಸಿನ ಬಲ ಹೋಗುತ್ತದೆ, ಸೊಂಟ ಬೀಳುತ್ತದೆ, ಹೊಲದ ಕೆಲಸ ಮಾಡಿದರೆ ರಕ್ತ ಕಾರುತ್ತಾರೆ, ಏನೇನೋ. ಯಾವುದು ನಿಜ ಯಾವುದು ಸುಳ್ಳು ಓದಿದ ನಮಗೂ ಗೊತ್ತಿರಲಿಲ್ಲ.

“ನಂದ ಆಗ್ಲಿ ಬಿಡು” ಎಂದರು ಕೊನೆಗೆ.

“ಹೊಟ್ಯಾಗಿನದು ಮತ್ತ ಹೆಣ್ಣಾದ್ರ? ಅತ್ತಿಯವರು?”

“ಹೆಣ್ಣಾದ್ರ ಹೆಣ್ಣು. ಹೋದ ಸಲ ನೀ ಒಳಗ ಇದ್ದಾಗ ನಾ ಹೊರಗ ನಿಂತಿದ್ದೆ. ಇದೊಂದ ಸಲ ನಿಲ್ತೀನಿ. ಇನ್ನ ನಿಲ್ಲೋದ ನನ್ನ ಕೈಲೆ ಆಗಂಗಿಲ್ಲ. ಅವ್ವಗ ಹೇಳಬ್ಯಾಡ.”

ಸೊಲ್ಲಾಪುರಕ್ಕೆ ಅಂಗಡಿಯ ಕೆಲಸಕ್ಕೆ ಹೋಗುತ್ತೇನೆಂದು ತಾಯಿಗೆ ಹೇಳಿ, ದೂರದ ಊರೊಂದರ ಕ್ಯಾಂಪಿಗೆ ಹೋಗಿ ಬಂದರು. ಬಂದ ಮೂರನೆಯ ದಿನಕ್ಕೆ ಜ್ವರ ಏರಿತು. ಗಾಯ ಕೀವು ತುಂಬಿ ಕೆಂಪಗಾಗಿತ್ತು. ಅತ್ತೆಗೆ ತೊಡೆಯ ಸಂದಿಯಲ್ಲಿ ಕುರುವಾಗಿದೆ ಎಂದು ಹೇಳಿದೆವು. ಅವರು ಬೇವಿನ ಎಲೆ ಅರೆದು ತಂದು, “ತೋರಸಪ್ಪಾ, ನಾ ನಿನ್ನ ಹಡದಾಕಿ, ನನ್ನ ಮುಂದ ಯಾತರ ನಾಚಿಕಿ?” ಎಂದು ಹಾಸಿಗೆಯ ಪಕ್ಕ ಕೂತುಬಿಟ್ಟರು. ಯಜಮಾನರು ಕೌದಿಯನ್ನು ಎರಡೂ ಕೈಯಿಂದ ಬಿಗಿಹಿಡಿದುಕೊಂಡು ಗೋಡೆಯ ಕಡೆ ಹೊರಳಿದರು. ನಾನು ಆ ಎಲೆಯ ಬಟ್ಟಲನ್ನು ಇಸಿದುಕೊಂಡೆ. ಈ ಮನುಷ್ಯ ಹೋಗಿಬಿಟ್ಟರೆ ಏನು ಗತಿ, ನಾನು ಮಾಡಿದ ಪಾಠಕ್ಕೆ ಇವರು ಹೋಗಿಬಿಟ್ಟರೆ ಎಂದು ಒಲೆಯ ಮುಂದೆ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತುಬಿಟ್ಟೆ. ಪರಿಚಯದ ಕಂಪೌಂಡರ್ ಒಬ್ಬರು ಮನೆಗೆ ಬಂದು ಸೂಜಿ ಚುಚ್ಚುತ್ತಾ ಹೋದರು. ಜ್ವರ ಇಳಿಯಿತು. ಆದರೆ ಆ ಚಳಿಗಾಲ ಪೂರ್ತಿ, ಸಂಕ್ರಾಂತಿಯ ನಂತರವೂ, ಅವರು ಅಂಗಡಿಯಲ್ಲಿ ನೆಟ್ಟಗೆ ಕೂರಲಾರದೆ ಗೋಡೆಗೆ ಒರಗಿ ಲೆಕ್ಕ ಬರೆದರು.

ಸರ್ಟಿಫಿಕೇಟು ಕಳಿಸಿದೆವು. ಅದನ್ನು ಯಾರಾದರೂ ನೋಡಿದರೋ ಇಲ್ಲವೋ. ಚುನಾವಣೆ ಬಂತು, ಸರಕಾರ ಬಿತ್ತು, ಸಾಹೇಬರಿಗೆ ಬೇರೆ ಕಡೆ ವರ್ಗವಾಯಿತು ಎಂದು ಕೇಳಿದೆವು. ಗೋಡೆಗಳ ಮೇಲಿನ ಕೆಂಪು ತ್ರಿಕೋನದ ಮೇಲೆ ಸರ್ಕಸ್ಸಿನ ಪೋಸ್ಟರು ಹಚ್ಚಿದರು. ಬೇಸಿಗೆಯಲ್ಲಿ ನನ್ನ ಮೂರನೆಯ ಹೆರಿಗೆ ಆಸ್ಪತ್ರೆಯಲ್ಲೇ ಆಯಿತು. ಹೆಣ್ಣು. ಅತ್ತೆ ಕೂಸಿನ ಹಣೆ ಮುಟ್ಟಿ, “ಇರ್ಲಿ, ಮುಂದಿನದ ನೋಡೋಣು” ಎಂದರು. ಯಜಮಾನರೂ ನಾನೂ ಒಬ್ಬರನ್ನೊಬ್ಬರು ನೋಡಲಿಲ್ಲ. ಆಮೇಲೆ ಎಷ್ಟೋ ವರ್ಷ ಅತ್ತೆ ಮುಂದಿನದಕ್ಕಾಗಿ ಹರಕೆ ಹೊತ್ತರು, ನನಗೆ ಬೇರು ನಾರು ಅರೆದು ಕುಡಿಸಿದರು. ಕಹಿಯಾದ ಆ ರಸವನ್ನು ನಾನು ಒಂದೇ ಗುಟುಕಿಗೆ ಕುಡಿದುಬಿಡುತ್ತಿದ್ದೆ.

ಜೂನ್ ತಿಂಗಳಿನಲ್ಲಿ ಶಾಲೆ ತೆರೆದಾಗ ಎರಡನೆಯ ಬೆಂಚಿನ ಹುಡುಗಿ ಮತ್ತೆ ಒಂಬತ್ತನೆಯ ತರಗತಿಗೇ ಬಂದು ಕೂತಳು. ಅವಳ ಅಪ್ಪ ಗಂಜ್‌ಗೆ ಮರಳಿದ್ದ. ಬಿಡುವಿನ ಹೊತ್ತಿನಲ್ಲಿ ಅವಳನ್ನು ಹೊರಗೆ ಕರೆದು ಅವ್ವ ಹೇಗಿದ್ದಾಳೆ ಎಂದು ಕೇಳಿದೆ.

“ಅವ್ವ ಉಳದಾಳ್ರಿ. ಹೊಲದ ಗುಡಿಸಲದಾಗ ಹಡದ್ಲು. ಅಡ್ಡ ಬಂದಿತ್ತಂತ್ರಿ. ಗಂಡು ಕೂಸ ಇತ್ತು.” ಜಡೆಯ ರಿಬ್ಬನ್ನು ಬಿಗಿ ಮಾಡಿಕೊಳ್ಳುತ್ತಾ, “ಅಳಲೇ ಇಲ್ರಿ ಅದು” ಎಂದಳು.

ದವಾಖಾನೆಗೆ ಹೋಗಿದ್ದರೆ ಆ ಕೂಸು ಉಳಿಯುತ್ತಿತ್ತೋ ಏನೋ. ಹೋಗು ಎಂದು ನಾನು ಹೇಳಿದ್ದರೂ ಆಕೆ ಹೋಗುತ್ತಿರಲಿಲ್ಲ. ಇದನ್ನು ಬಹಳ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ.

ಒಂದೂವರೆ ವರ್ಷದ ಮೇಲೆ, ಒಂದು ಮಧ್ಯಾಹ್ನ, ಹುಡುಗಿಯ ಅವ್ವನೇ ಶಾಲೆಯ ಗೇಟಿಗೆ ಬಂದು ನಿಂತಳು. ಬಹಳ ಇಳಿದುಹೋಗಿದ್ದಳು. ನಾನು ಹತ್ತಿರ ಹೋದಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಮೆಲ್ಲಗೆ, “ಬಾಯಾರ, ನನ್ನ ಜೋಡಿ ದವಾಖಾನಿಗಿ ಬರ್ತೀರೇನ್ರಿ?” ಎಂದಳು.

“ಯಾಕವ್ವ, ಏನಾಗೈತಿ?”

“ಆಪರೇಷನ್ ಮಾಡಿಸ್ಕೋತೀನ್ರಿ. ಯಾರೂ ಹೇಳಿಲ್ಲ, ನಾನ ಹೇಳಾಕತ್ತೀನಿ. ಅವಾಗ ಜೀಪಿಗಿ ಅಂಜಿ ಓಡಿದ್ದೆ. ಈಗ ಹೊಟ್ಟೀಗಿ ಅಂಜಾಕತ್ತೀನಿ. ತಿಂಗಳ ತಪ್ಪಿದ್ರ ಜೀವ ಹೋದಂಗ ಆಗ್ತದ. ಮತ್ತೊಮ್ಮಿ ಆ ಗುಡಿಸಲದಾಗ ಮಲಗಂಗಿಲ್ರಿ ನಾನು.”

“ಆತ ಏನಂತಾನ?”

“ಒಲ್ಲೆ ಅಂತಿದ್ದ. ಒಮ್ಮಿ ಹಡದ ನೋಡು ಅಂದೆ. ಸುಮ್ಮನಾದ.”

ದೊಡ್ಡ ಬಾಯಾರ ಹತ್ತಿರ ಅರ್ಧ ದಿನದ ರಜೆ ಕೇಳಿದೆ. ಎಲ್ಲಿಗೆ, ಯಾಕೆ ಎಂದು ತಿಳಿದ ಮೇಲೆ ಅವರು ರಜೆ ಬರೆದುಕೊಳ್ಳಲಿಲ್ಲ. ಹುಮನಾಬಾದಿನ ಬಿಸಿಲಿನಲ್ಲಿ ನಾವಿಬ್ಬರೂ ನಡೆದುಕೊಂಡೇ ಹೋದೆವು. ದವಾಖಾನೆಯ ಮೆಟ್ಟಿಲಿನ ಹತ್ತಿರ ಆಕೆ ನಿಂತುಬಿಟ್ಟಳು. ಬೆವರಿನಿಂದ ಹಣೆಯ ಕುಂಕುಮ ಇಳಿದು ಮೂಗಿನ ಮೇಲೆ ಬಂದಿತ್ತು.

“ಇವತ್ತ ಬ್ಯಾಡಂದ್ರ ತಿರುಗಿ ಹೋಗೋಣು” ಎಂದೆ. “ನಿನ್ನ ಯಾರೂ ಎಳಕೊಂಡ ಹೋಗಂಗಿಲ್ಲ.”

“ನೀವ ಹೊರಗ ಇರ್ತೀರಲ್ರಿ?”

“ಇಲ್ಲೇ ಬಾಗಲ ಮುಂದ ಕೂಡ್ತೀನಿ.”

ಆಕೆ ಕಣ್ಣು ಮುಚ್ಚಿಕೊಂಡು ಮೆಟ್ಟಿಲು ಹತ್ತಿದಳು. ನರ್ಸಮ್ಮ ಆಕೆಯನ್ನು ಒಳಗೆ ಕರೆದುಕೊಂಡು ಹೋಗಿ ಬಿಳಿಯ ಪರದೆ ಎಳೆದಳು. ನಾನು ಹೊರಗಿನ ಕಲ್ಲಿನ ಬೆಂಚಿನ ಮೇಲೆ ಕೂತೆ. ಸ್ಪಿರಿಟ್ಟಿನ ವಾಸನೆ ಅಲ್ಲಿಯವರೆಗೂ ಬರುತ್ತಿತ್ತು. ಒಳಗೆ ಒಂದು ಪಾತ್ರೆ ಕೆಳಗೆ ಬಿದ್ದ ಸದ್ದಾದಾಗ ಎದ್ದು ನಿಂತೆ, ಮತ್ತೆ ಕೂತೆ. ಆಕೆಯ ಕೂಗು ಕೇಳಿಸಲಿಲ್ಲ. ಕೇಳಿಸದಿದ್ದದ್ದೇ ಇನ್ನಷ್ಟು ಅಂಜಿಕೆ. ಶಾಲೆ ಬಿಟ್ಟ ಮೇಲೆ ಹುಡುಗಿ ಬುತ್ತಿ ಹಿಡಿದುಕೊಂಡು ಓಡುತ್ತಾ ಬಂದಳು, ಅವಳ ಹಿಂದೆ ತಂಗಿಯರು. ಎಲ್ಲರೂ ನನ್ನ ಸುತ್ತ ನೆಲದ ಮೇಲೆ ಕೂತರು.

ಪರದೆ ಸರಿಯಿತು. ನರ್ಸಮ್ಮ ಕೈ ಒರೆಸಿಕೊಳ್ಳುತ್ತಾ ಬಂದು, “ಆಯ್ತು. ಒಬ್ಬೊಬ್ಬರ ಹೋಗಿ ನೋಡ್ರಿ, ಗದ್ದಲ ಮಾಡಬ್ಯಾಡ್ರಿ” ಎಂದಳು. ಮಗಳನ್ನೇ ಮೊದಲು ಕಳಿಸಿದೆ. ನಾನು ಒಳಗೆ ಹೋದಾಗ ಆಕೆ ಅರೆಗಣ್ಣು ತೆರೆದು, ತೊದಲುತ್ತಾ, “ಬಸ್ಸ ತಪ್ಪತೈತಿ, ನೀವು ನಡೀರಿ” ಎಂದಳು.

ಬಸ್ಸು ಆಗಲೇ ತಪ್ಪಿತ್ತು. ಅದನ್ನು ಆಕೆಗೆ ಹೇಳಲಿಲ್ಲ. ಚಾದರ ಸರಿಮಾಡಿ, ಹೊರಗೆ ಬಂದು, ಹುಡುಗಿಯರಿಗೆ ಬುತ್ತಿ ಬಿಚ್ಚಿಕೊಟ್ಟೆ.